ನನ್ನ ಹಿಮ್ಮಡಿ, ಓನರಮ್ಮನ ಗೋಡೆ

ಮನುಷ್ಯನ ದೇಹದಲ್ಲಿ ಹಿಮ್ಮಡಿಯಷ್ಟು ಮರ್ಯಾದೆಯಿಲ್ಲದ ಅಂಗ ಇನ್ನೊಂದಿಲ್ಲ. ಎದೆ ನೋವು ಎಂದರೆ ನೆಂಟರು ಹಣ್ಣು ಹಿಡಿದುಕೊಂಡು ಓಡಿ ಬರುತ್ತಾರೆ. ಸೊಂಟ ಹಿಡಿದಿದೆ ಎಂದರೆ ಕಚೇರಿಯಲ್ಲಿ ಕುರ್ಚಿ ಬದಲಾಯಿಸಿ ಕೊಡುತ್ತಾರೆ. ಹಿಮ್ಮಡಿ ನೋವು ಎಂದು ಹೇಳಿ ನೋಡಿ. ಎದುರಿಗಿದ್ದವರು ಮೊದಲು ನಿಮ್ಮ ಚಪ್ಪಲಿ ನೋಡುತ್ತಾರೆ, ಆಮೇಲೆ ತಮ್ಮ ಮಾವನಿಗೂ ಹೀಗೇ ಆಗಿತ್ತು ಎನ್ನುತ್ತಾರೆ, ಆಮೇಲೆ ಬೇರೆ ಮಾತು ತೆಗೆಯುತ್ತಾರೆ. ಇಂಥ ಒಂದು ಅಂಗದ ದೆಸೆಯಿಂದ ಮೂರು ಮಹಡಿಯ ಕಟ್ಟಡವೊಂದು ಖಾಲಿಯಾಗುವ ಹಂತಕ್ಕೆ ಬಂತು ಎಂದರೆ ಯಾರೂ ನಂಬಲಿಕ್ಕಿಲ್ಲ. ಆದರೆ ಬಂತು. ಆ ಅಂಗ ನನ್ನದು, ಎಡಗಾಲಿನದು.

ಹಿಮ್ಮಡಿಗಿಂತ ಮೊದಲು ಎಂಜಿನಿಯರ್ ವಿಷಯ ಹೇಳಿಬಿಡಬೇಕು. ನಾನು ನಗರಸಭೆಯ ಕಟ್ಟಡ ವಿಭಾಗದಲ್ಲಿ ಟಪಾಲು ಗುಮಾಸ್ತ. ಬಂದ ಕಾಗದಕ್ಕೆ ದುಂಡು ಮೊಹರು ಹೊಡೆದು, ನಂಬರು ಬರೆದು, ಯಾವ ಮೇಜಿಗೆ ಸೇರಬೇಕೋ ಆ ಮೇಜಿಗೆ ಕಳಿಸುವುದು ನನ್ನ ಕೆಲಸ. ಇಪ್ಪತ್ತೆರಡು ವರ್ಷದಿಂದ ಇದನ್ನು ಮಾಡುತ್ತಿದ್ದೇನೆ, ಮೊಹರು ಓರೆಯಾದದ್ದು ಬೆರಳೆಣಿಕೆಯಷ್ಟು ಸಲ. ಮೂರು ವರ್ಷದ ಹಿಂದೆ ಈ ಬಾಡಿಗೆ ಮನೆಗೆ ಬಂದ ದಿನ, ನಾನು ಬೀರುವಿನ ಒಂದು ತುದಿ ಹೊತ್ತು ಮೆಟ್ಟಿಲು ಹತ್ತುತ್ತಿದ್ದಾಗ ಪಕ್ಕದ ಮನೆಯ ವಿಮೆ ಏಜೆಂಟರು ಎದುರಾದರು.

"ಎಲ್ಲಿ ಕೆಲಸ ಸಾರ್?" ಎಂದರು.

"ಕಟ್ಟಡ ವಿಭಾಗ," ಎಂದೆ.

"ಓಹೋ, ಎಂಜಿನಿಯರು."

ಆ ಹೊತ್ತಿಗೆ ಬೀರುವಿನ ಮೂಲೆ ನನ್ನ ಎದೆಗೆ ಒತ್ತುತ್ತಿತ್ತು. ನಾನು ಕೆಮ್ಮಿದೆ. ಆ ಕೆಮ್ಮನ್ನು ಅವರು ಹೌದು ಎಂದು ತೆಗೆದುಕೊಂಡರು. ಬೀರು ಇಳಿಸಿದ ಮೇಲೆ ಸರಿಪಡಿಸಬಹುದಿತ್ತು. ಆದರೆ ಅಷ್ಟರಲ್ಲಿ ಕೆಳಗಿನ ಬೇಕರಿಯವರು "ಎಂಜಿನಿಯರ್ ಸಾರ್‌ಗೆ" ಎಂದು ಬಿಸಿ ಬನ್ನು ಕಳಿಸಿಬಿಟ್ಟಿದ್ದರು. ಬನ್ನು ತಿಂದ ಮೇಲೆ ಇಲ್ಲ ಎನ್ನುವುದು ಹೇಗೆ? ನಾನು ಸುಳ್ಳು ಹೇಳಿದವನಲ್ಲ. ನಿಜ ಹೇಳುವುದನ್ನು ಮೂರು ವರ್ಷ ಮುಂದೂಡಿದೆ, ಅಷ್ಟೆ.

ಎಂಜಿನಿಯರ್ ಆದ ಮೇಲೆ ಹಳೆಯ ಮೆತ್ತನೆ ಚಪ್ಪಲಿಯಲ್ಲಿ ಮೆಟ್ಟಿಲಿಳಿಯಲು ಸಂಕೋಚವಾಗತೊಡಗಿತು. ಎರಡು ವರ್ಷ ಹೇಗೋ ತಳ್ಳಿ, ಕೊನೆಗೆ ಒಂದು ಜೊತೆ ಕಪ್ಪು ಬೂಟು ಕೊಂಡೆ. ಅಡಿ ಎಂಥ ಗಟ್ಟಿಯೆಂದರೆ ನಾನು ಮೆಟ್ಟಿಲಿಳಿಯುವುದು ಮೂರೂ ಮಹಡಿಗೆ ಕೇಳಿಸುತ್ತಿತ್ತು. ಆ ಟಕ್ ಟಕ್ ಸದ್ದಿನ ಮೇಲೆ ನನಗೆ ಬಹಳ ಪ್ರೀತಿ. ಹೆಂಡತಿ ಶಾಲೆಯಲ್ಲಿ ಗಣಿತದ ಟೀಚರು, ಲೆಕ್ಕ ತಪ್ಪದ ಹೆಂಗಸು. "ರೀ, ಈ ಬೂಟು ನಿಮ್ಮ ಹಿಮ್ಮಡಿ ತಿನ್ನುತ್ತೆ," ಎಂದಳು. ಎಂಟು ತಿಂಗಳಲ್ಲಿ ತಿಂದು ಮುಗಿಸಿತು.

ಒಂದು ಬೆಳಿಗ್ಗೆ ಮಂಚದಿಂದ ಇಳಿದು ಎಡಗಾಲು ನೆಲಕ್ಕೆ ಇಟ್ಟೆ, ಮೊಳೆಯ ಮೇಲೆ ಇಟ್ಟ ಹಾಗಾಯಿತು. ಕೂಗಿದ ಕೂಗಿಗೆ ಅಡುಗೆಮನೆಯಲ್ಲಿ ಹೆಂಡತಿಯ ಕೈಯಿಂದ ಪಾತ್ರೆ ಬಿತ್ತು. ಬಂದು ನೋಡಿದಳು. ನೆಲದಲ್ಲಿ ಮೊಳೆ ಇರಲಿಲ್ಲ. ಹತ್ತು ಹೆಜ್ಜೆ ಕುಂಟಿದ ಮೇಲೆ ನೋವು ಕಡಿಮೆಯಾಯಿತು, ನಾನು ಗೆದ್ದೆ ಎಂದುಕೊಂಡೆ. ಕಚೇರಿಯಲ್ಲಿ ಎರಡು ಗಂಟೆ ಕೂತು ಎದ್ದಾಗ ಮತ್ತೆ ಅದೇ ಮೊಳೆ. ಹದಿನೈದು ದಿನ ಹೀಗೇ ತಳ್ಳಿದೆ. ಹದಿನಾರನೆಯ ದಿನ ಹೆಂಡತಿ ನನ್ನನ್ನು ಡಾಕ್ಟರ ಮುಂದೆ ಕೂರಿಸಿದಳು.

ಡಾಕ್ಟರು ಹಿಮ್ಮಡಿಯ ನಟ್ಟನಡುವೆ ಹೆಬ್ಬೆರಳು ಒತ್ತಿದರು. ನಾನು ಕುರ್ಚಿಯಿಂದ ಎದ್ದೆ.

"ಅಲ್ಲೇ," ಎಂದರು ಅವರು, ಕಳೆದ ವಸ್ತು ಸಿಕ್ಕವರ ಹಾಗೆ. "ಅಂಗಾಲಿನ ಕೆಳಗೆ ಒಂದು ಪಟ್ಟಿ ಇರುತ್ತೆ, ಅದು ಬಿಗಿಯಾಗಿದೆ. ಸೂಜಿ ಬೇಡ, ಏನೂ ಬೇಡ. ಮನೇಲೇ ಸರಿ ಮಾಡ್ಕೋಬಹುದು. ಆದ್ರೆ ಮೂರು ತಿಂಗಳು ತಾಳ್ಮೆ ಬೇಕು. ಆ ಬೂಟು ಬಿಡಿ. ಮನೆಯೊಳಗೂ ಬರಿಗಾಲಲ್ಲಿ ಓಡಾಡಬೇಡಿ, ಮೆತ್ತಗಿರೋ ರಬ್ಬರ್ ಚಪ್ಪಲಿ ಹಾಕ್ಕೊಳ್ಳಿ. ಬೆಳಿಗ್ಗೆ ಗೋಡೆ ತಳ್ಳಿ, ಸಂಜೆ ಬಾಟಲಿ ಉರುಳಿಸಿ."

ಹೇಗೆ ಎಂದು ಒಂದು ಹಾಳೆಯ ಮೇಲೆ ಬರೆದುಕೊಟ್ಟರು. ಡಾಕ್ಟರಿಗೆ ಮನುಷ್ಯರನ್ನು ರಿಪೇರಿ ಮಾಡಲು ಬರುತ್ತಿತ್ತು, ಅವರ ಚಿತ್ರ ಬರೆಯಲು ಬರುತ್ತಿರಲಿಲ್ಲ. ನೆಟ್ಟಗೆ ಒಂದು ಗೆರೆ ಎಳೆದು ಅದು ಗೋಡೆ ಎಂದರು. ಅದಕ್ಕೆ ಒರಗಿದ ಹಾಗೆ ಓರೆಯಾಗಿ ಇನ್ನೊಂದು ಗೆರೆ ಎಳೆದು ಅದು ನಾನು ಎಂದರು. ಗೋಡೆಯ ಕಡೆಗೆ ಒಂದು ಬಾಣ, ಪಕ್ಕದಲ್ಲಿ 30 × 3, ಎಂದರೆ ಮೂವತ್ತು ಎಣಿಸುವವರೆಗೆ ತಳ್ಳುವುದು, ಮೂರು ಸಲ. ಕೆಳಗೆ ಒಂದು ಅಡ್ಡಗೆರೆ, ಅದರ ಮೇಲೆ ಒಂದು ಸೊನ್ನೆ. ಅದು ನೀರು ತುಂಬಿ ಮಂಜುಗಡ್ಡೆ ಮಾಡಿದ ಬಾಟಲಿ. ಅಂಗಾಲಿನ ಕೆಳಗಿಟ್ಟು ಹಿಂದೆ ಮುಂದೆ ಉರುಳಿಸಬೇಕು. ತುದಿಯಲ್ಲಿ ದೊಡ್ಡದಾಗಿ 'ಮೂರು ತಿಂಗಳು' ಎಂದು ಬರೆದು ಕೆಳಗೆ ಎರಡು ಗೀಟು ಹಾಕಿದರು.

ಯಾರಿಗೂ ಹೇಳಕೂಡದು ಎಂದು ಹೆಂಡತಿಗೆ ಕಟ್ಟಪ್ಪಣೆ ಮಾಡಿದೆ. ಎಂಜಿನಿಯರ್ ಎಂದರೆ ಏಣಿ ಹತ್ತಿ ಸಾರುವೆಯ ಮೇಲೆ ನಡೆಯುವ ಮನುಷ್ಯ. ಅವನಿಗೆ ಹಿಮ್ಮಡಿ ನೋವು ಎಂದರೆ ಯಾವ ಕಟ್ಟಡದಲ್ಲಿ ಬಂತು ಎಂದು ಕೇಳುತ್ತಾರೆ. ಒಂದು ಪ್ರಶ್ನೆ ಇನ್ನೊಂದನ್ನು ಕೈಹಿಡಿದು ಕರೆತರುತ್ತದೆ. ಹೆಂಡತಿ ಉತ್ತರಪತ್ರಿಕೆ ತಿದ್ದುತ್ತಾ, ತಲೆಯೆತ್ತದೆ, "ಮಾಡ್ಕೊಂಡಿರೋದು ನೀವು, ಮುಗಿಸೋದೂ ನೀವೇ," ಎಂದಳು.

ಗೋಡೆ ತಳ್ಳುವುದು ಸುಲಭ, ಗೋಡೆ ಸಿಗುವುದು ಕಷ್ಟ. ನಮ್ಮ ಎರಡು ಕೋಣೆಯಲ್ಲಿ ಒಂದು ಗೋಡೆಗೆ ಬೀರು, ಒಂದಕ್ಕೆ ಮಂಚ, ಒಂದಕ್ಕೆ ಹೆಂಡತಿಯ ಪುಸ್ತಕದ ರ‍್ಯಾಕು. ಖಾಲಿ ಗೋಡೆ ಎಂದರೆ ಬಾಗಿಲ ಹೊರಗೆ, ಮೆಟ್ಟಿಲ ಪಕ್ಕದ್ದು. ಬೆಳಿಗ್ಗೆ ಆರೂವರೆಗೆ ಯಾರೂ ಏಳುವುದಿಲ್ಲ ಎಂದು ಹೊರಗೆ ಬಂದೆ. ಎರಡೂ ಅಂಗೈ ಗೋಡೆಗಿಟ್ಟು, ಬಲಗಾಲು ಮುಂದೆ, ಎಡಗಾಲು ಹಿಂದೆ, ಹಲ್ಲು ಕಚ್ಚಿ, ಗಟ್ಟಿಯಾಗಿ ಎಣಿಸುತ್ತಾ ತಳ್ಳತೊಡಗಿದೆ. ನಾಲ್ಕನೆಯ ದಿನ ಇಪ್ಪತ್ತೇಳು ಎನ್ನುವಾಗ ಪಕ್ಕದಲ್ಲಿ ಯಾರೋ ಉಸಿರಾಡುವುದು ಕೇಳಿಸಿತು. ವಿಮೆ ಏಜೆಂಟರು ಹಾಲಿನ ಪ್ಯಾಕೆಟ್ಟು ಹಿಡಿದು ನಿಂತಿದ್ದರು.

"ಏನ್ ಸಾರ್, ಬೆಳಿಗ್ಗೆ ಬೆಳಿಗ್ಗೆ?"

"ಏನಿಲ್ಲ. ಸುಮ್ನೆ ನೋಡ್ತಾ ಇದ್ದೆ."

"ಗೋಡೆನಾ?"

ಕೈ ಗೋಡೆಯ ಮೇಲೇ ಇತ್ತು. ಇಲ್ಲ ಎನ್ನಲು ಬಾಯಿ ಬರಲಿಲ್ಲ. "ಹೂಂ," ಎಂದೆ.

ಏಜೆಂಟರು ಗೋಡೆಯನ್ನು ಮೇಲಿಂದ ಕೆಳಗೆ ನೋಡಿದರು. "ಏನಾದ್ರೂ ತೊಂದರೆನಾ ಸಾರ್?"

"ಈಗ್ಲೇ ಏನೂ ಹೇಳೋಕಾಗಲ್ಲ. ಮೂರು ತಿಂಗಳು ನೋಡಬೇಕು ಅಂದಿದಾರೆ."

"ಯಾರು?"

"ತಿಳಿದವರು," ಎಂದೆ. ಡಾಕ್ಟರಿಗೆ ಅದಕ್ಕಿಂತ ಒಳ್ಳೆಯ ಹೆಸರು ಆ ಕ್ಷಣಕ್ಕೆ ಹೊಳೆಯಲಿಲ್ಲ. "ದಯವಿಟ್ಟು ಯಾರಿಗೂ ಹೇಳಬೇಡಿ."

ಅವರು ಹಾಲಿನ ಪ್ಯಾಕೆಟ್ಟನ್ನು ಎದೆಗವಚಿಕೊಂಡು ಒಳಗೆ ಹೋದರು. ಮನುಷ್ಯನಿಗೆ ಯಾವಾಗ ಏನಾಗಿಬಿಡಬಹುದು ಎಂದು ದಿನವಿಡೀ ಜನರಿಗೆ ವಿವರಿಸುವುದೇ ಅವರ ವೃತ್ತಿ. ಅಂಥವರಿಗೆ ಯಾರಿಗೂ ಹೇಳಬೇಡಿ ಎಂದದ್ದು ನನ್ನ ಬುದ್ಧಿವಂತಿಕೆ. ಆ ವಾರದಲ್ಲಿ ಅವರು ನಮ್ಮ ಕಟ್ಟಡದಲ್ಲೇ ನಾಲ್ಕು ಹೊಸ ಪಾಲಿಸಿ ಮಾಡಿಸಿದರು.

ಸಂಜೆಯ ಬಾಟಲಿ ಇದಕ್ಕೆ ಸರಿಯಾಗಿ ಜೊತೆಗೂಡಿತು. ಸೆಕೆಗೆ ಬಾಗಿಲು ತೆರೆದಿಟ್ಟು, ಕುರ್ಚಿಯಲ್ಲಿ ಕೂತು, ಮಂಜುಗಟ್ಟಿದ ಬಾಟಲಿಯನ್ನು ಅಂಗಾಲಿನ ಕೆಳಗೆ ಉರುಳಿಸುತ್ತಿದ್ದೆ. ಒಂದು ಸಲ ಜೋರಾಗಿ ತಳ್ಳಿದ್ದಕ್ಕೆ ಅದು ಕಾಲು ತಪ್ಪಿಸಿಕೊಂಡು ಹೊಸ್ತಿಲಿನವರೆಗೆ ಉರುಳಿ, ಆಗಷ್ಟೇ ಮೇಲೆ ಬಂದಿದ್ದ ಬೇಕರಿಯವರ ಪಾದದ ಹತ್ತಿರ ನಿಂತಿತು. ಬೇಕರಿಯವರು ದಪ್ಪ ಮನುಷ್ಯ, ಕೈಯೆಲ್ಲ ಹಿಟ್ಟು, ಮನಸ್ಸು ಬೆಣ್ಣೆ. ಬಾಟಲಿ ಎತ್ತಿಕೊಂಡರು.

"ತಣ್ಣಗಿದೆಯಲ್ಲ ಸಾರ್?"

"ತಣ್ಣಗಿದ್ರೇನೇ ಸರಿಯಾಗಿ ಕೆಲಸ ಮಾಡೋದು," ಎಂದೆ.

"ದಿನಾ ಈ ಕಡೆಗೇ ಉರುಳುತ್ತಾ?"

"ಇವತ್ತು ನಿಮ್ಮ ಕಡೆಗೆ ಬಂತು."

ಬೇಕರಿಯವರ ಮುಖ ಹಿಟ್ಟಿನ ಬಣ್ಣಕ್ಕೆ ತಿರುಗಿತು. ಬೇಕರಿ ಇದ್ದದ್ದು ಸರಿಯಾಗಿ ಆ ಹೊಸ್ತಿಲಿನ ಕೆಳಗೆ. ಕೆಳಗಿಳಿದು ಹೋಗಿ ಅವರು ತಮ್ಮ ಕೇಕುಗಳನ್ನು ಮೊದಲ ಬಾರಿಗೆ ಅನುಮಾನದಿಂದ ನೋಡಿದರಂತೆ. ಎಲ್ಲವೂ ಬೀದಿಯ ಕಡೆಗೆ ಒಂದು ಬೆರಳು ತಗ್ಗಾಗಿದ್ದವು.

ಅಲ್ಲಿಂದ ಮುಂದೆ ನಾನು ಏನು ಮಾಡಿದರೂ ಅದಕ್ಕೊಂದು ಅರ್ಥ ಹುಟ್ಟತೊಡಗಿತು. ಬೂಟು ಬಿಟ್ಟು ರಬ್ಬರ್ ಚಪ್ಪಲಿ ಹಾಕಿದೆ, ಕಟ್ಟಡ ಅದುರಬಾರದೆಂದು ಹಾಗೆ ಮಾಡಿದೆನಂತೆ. ಬೆಳಿಗ್ಗೆ ಕಂಬಿ ಹಿಡಿದು ತುದಿಗಾಲಲ್ಲಿ ಮೆಟ್ಟಿಲಿಳಿದೆ, ಮೆಟ್ಟಿಲಿನಲ್ಲಿ ಶಕ್ತಿಯಿಲ್ಲ ಎಂದಾಯಿತು. ಆಗ ನನಗೆ ಇದೊಂದೂ ಗೊತ್ತಿರಲಿಲ್ಲ. ಕಟ್ಟಡದ ಜನರೆಲ್ಲ ಇದ್ದಕ್ಕಿದ್ದಂತೆ ಮೆತ್ತಗೆ ತುದಿಗಾಲಲ್ಲಿ ಓಡಾಡುವುದನ್ನು ನೋಡಿ, ನಾನು ಮೆತ್ತಗೆ ನಡೆಯುವುದರಿಂದ ಎಲ್ಲರಿಗೂ ಸಭ್ಯತೆ ಬಂತು ಎಂದು ಹೆಂಡತಿಯ ಹತ್ತಿರ ಹೆಮ್ಮೆಪಟ್ಟೆ.

ಒಂದು ಬೆಳಿಗ್ಗೆ ನಾನು ತಳ್ಳುತ್ತಿರುವಾಗ ಮೇಲಿನಿಂದಲೂ ಕೆಳಗಿನಿಂದಲೂ ಎಣಿಸುವ ಸದ್ದು ಕೇಳಿಸಿತು. ಇಣುಕಿದೆ. ಕೆಳಗೆ ಬೇಕರಿಯವರು, ಅವರ ಹೆಂಡತಿ, ಅವರ ಅತ್ತೆ ಸಾಲಾಗಿ ನಿಂತು ಗೋಡೆ ತಳ್ಳುತ್ತಿದ್ದರು. ಮೇಲೆ ಇನ್ನೊಂದು ಸಂಸಾರ. ಏಜೆಂಟರು ತಮ್ಮ ಬಾಗಿಲ ಪಕ್ಕದ ಗೋಡೆ ಹಿಡಿದಿದ್ದರು. ನನ್ನನ್ನು ಕಂಡು, "ನಮ್ಮದು ಅಲ್ಲಾಡ್ತಾ ಇಲ್ಲ ಸಾರ್. ನಿಮ್ಮದು?" ಎಂದರು. ನನ್ನ ಗುಟ್ಟು ಬಯಲಾಗಿದೆ, ನನ್ನ ವ್ಯಾಯಾಮವನ್ನು ಗೇಲಿ ಮಾಡುತ್ತಿದ್ದಾರೆ ಎಂದುಕೊಂಡು ಅವಮಾನದಿಂದ ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಎಂಜಿನಿಯರ್ ಸಾರ್ ಮುಖ ನೋಡಿದ್ರೇ ಗೊತ್ತಾಗುತ್ತೆ, ಪರಿಸ್ಥಿತಿ ಕೈಮೀರಿದೆ ಎಂದು ಏಜೆಂಟರು ಕೆಳಗೆ ಹೋಗಿ ಹೇಳಿದರಂತೆ.

ಅದಾಗಿ ಮೂರು ವಾರಕ್ಕೆ ಡಾಕ್ಟರ ಹಾಳೆ ನನ್ನ ಅಂಗಿಯ ಜೇಬಿನಿಂದ ಮೆಟ್ಟಿಲ ಮೇಲೆ ಬಿದ್ದುಹೋಯಿತು. ಕಳೆಯಿತು ಎಂದು ನಾನು ತಲೆ ಕೆಡಿಸಿಕೊಳ್ಳಲಿಲ್ಲ, ಬಾಯಿಪಾಠವಾಗಿತ್ತು. ಸಿಕ್ಕಿದ್ದು ಏಜೆಂಟರಿಗೆ. ನೆಟ್ಟನೆಯ ಗೆರೆ, ವಾಲಿದ ಗೆರೆ, ವಾಲುವ ದಿಕ್ಕಿಗೆ ಬಾಣ, ಲೆಕ್ಕ, ಕೆಳಗೆ ನೆಲದ ಮೇಲೆ ಒಂದು ಸೊನ್ನೆ. ಕೊನೆಗೆ ಎರಡು ಗೀಟು ಹಾಕಿದ 'ಮೂರು ತಿಂಗಳು'. ಅಷ್ಟು ಸ್ಪಷ್ಟವಾದ ನಕ್ಷೆಯನ್ನು ನಾನಾದರೂ ಬೇರೆ ರೀತಿ ಓದುತ್ತಿದ್ದೆನೇ ಎಂದು ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಆ ಭಾನುವಾರ ಮೂರನೆಯ ಮಹಡಿಯ ದಂಪತಿ ಸಾಮಾನು ಕಟ್ಟಿಕೊಂಡು ಹೊರಟರು. ಹೊರಡುವಾಗ ಅವರು ನನ್ನ ಕೈ ಹಿಡಿದು, "ನೀವೂ ಹುಷಾರು ಸಾರ್," ಎಂದರು. ನಾನೂ ಮನಸ್ಸು ತುಂಬಿ ಹುಷಾರು ಎಂದೆ.

ವಿಷಯ ನನಗೆ ತಿಳಿದದ್ದು ಸೋಮವಾರ ಹನ್ನೊಂದು ಗಂಟೆಗೆ, ನನ್ನ ಮೇಜಿನ ಮೇಲೆಯೇ. ಟಪಾಲಿನ ಕಟ್ಟು ಬಿಚ್ಚಿ ಒಂದೊಂದೇ ಮೊಹರು ಹೊಡೆಯುತ್ತಿದ್ದೆ. ಏಳನೆಯ ಕಾಗದದ ವಿಳಾಸ ನಮ್ಮ ಮನೆಯದು. ಓದಿದೆ. "ನಾವು ಕೆಳಗೆ ಸಹಿ ಮಾಡಿರುವ ನಿವಾಸಿಗಳು ಬೇಡಿಕೊಳ್ಳುವುದೇನೆಂದರೆ, ನಮ್ಮ ಕಟ್ಟಡ ಬೀದಿಯ ಕಡೆಗೆ ವಾಲುತ್ತಿದ್ದು ಮೂರು ತಿಂಗಳಲ್ಲಿ ಬೀಳಲಿದೆ. ತಮ್ಮ ವಿಭಾಗದ ಎಂಜಿನಿಯರೊಬ್ಬರು ಇಲ್ಲೇ ವಾಸವಾಗಿದ್ದು, ನಮ್ಮ ಮೇಲಿನ ಕರುಣೆಯಿಂದ ದಿನಾ ಬೆಳಿಗ್ಗೆ ಗುಟ್ಟಾಗಿ ಪರೀಕ್ಷೆ ನಡೆಸುತ್ತಿದ್ದಾರೆ. ಅವರ ಕೈಬರಹದ ನಕ್ಷೆ ನಮ್ಮಲ್ಲಿ ಭದ್ರವಾಗಿದೆ." ಕೆಳಗೆ ಹದಿನೆಂಟು ಸಹಿ. ಬೇಕರಿಯವರ ಸಹಿಯ ಪಕ್ಕ ಬೆಣ್ಣೆಯ ಕಲೆ.

ಕಾಗದವನ್ನು ಮೇಜಿನ ಕೆಳಗೆ ಜಾರಿಸಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಇಪ್ಪತ್ತೆರಡು ವರ್ಷದ ಅಭ್ಯಾಸ ಕೈ ಬಿಡಲಿಲ್ಲ. ಮೊಹರು ಹೊಡೆದೆ, ತಲೆಕೆಳಗಾಗಿ ಬಿತ್ತು. ನಂಬರು ಹಾಕಿ ನಾನೇ ತೆಗೆದುಕೊಂಡು ಹೋಗಿ ಮುಖ್ಯ ಎಂಜಿನಿಯರ್ ಮೇಡಂ ಮೇಜಿನ ಮೇಲೆ ಇಟ್ಟು, ನಿಂತೆ.

ಮೇಡಂ ಓದಿದರು. ಅವರು ಎತ್ತರದ ಹೆಂಗಸು, ಬಿಸಿಲಿನಲ್ಲಿ ನಿಂತು ನಿಂತು ಕಪ್ಪಗಾದವರು. ಕಳಪೆ ಗಾರೆಯನ್ನು ಉಗುರಿನಲ್ಲಿ ಕೆರೆದು ಗುತ್ತಿಗೆದಾರರನ್ನು ಅಳಿಸಿದವರು.

"ನಮ್ಮ ಎಂಜಿನಿಯರ್ ಯಾರೂ ಆ ಬೀದೀಲಿ ಇಲ್ವಲ್ಲ," ಎಂದರು. "ಯಾರೋ ನಮ್ಮ ವಿಭಾಗದ ಹೆಸರು ಹೇಳ್ಕೊಂಡು ಜನಕ್ಕೆ ಮೋಸ ಮಾಡ್ತಿದಾನೆ. ಅವನ ಮುಖ ನಾನು ನೋಡಬೇಕು."

"ನೋಡಬಹುದು ಮೇಡಂ," ಎಂದೆ. ಎಷ್ಟು ಸುಲಭವಾಗಿ ಎಂದು ಹೇಳಲು ಧೈರ್ಯ ಬರಲಿಲ್ಲ.

"ನಾಳೆ ಏಳು ಗಂಟೆಗೆ ಹೋಗ್ತೀನಿ. ಸ್ವಲ್ಪ ಅನುಮಾನ ಬಂದ್ರೂ ಎಲ್ರನ್ನೂ ಖಾಲಿ ಮಾಡಿಸಿ ಬೀಗ ಹಾಕಿಸ್ತೀನಿ. ಪರೀಕ್ಷೆ ಮುಗಿಯೋಕೆ ಆರು ತಿಂಗಳಾಗುತ್ತೆ. ನಿಮ್ಮ ಮನೆ ಆ ಕಡೇನೇ ಅಲ್ವಾ, ಬೀದಿ ಬಾಯಲ್ಲಿ ನಿಂತಿರಿ, ದಾರಿ ತೋರಿಸಿ."

ಸಂಜೆ ಮನೆಗೆ ಬಂದಾಗ ಓನರಮ್ಮ ನಮ್ಮ ಕುರ್ಚಿಯಲ್ಲಿ ಕೂತಿದ್ದರು. ಬೇಕರಿಯ ಹಿಂದಿನ ಎರಡು ಕೋಣೆಯಲ್ಲಿ ಒಬ್ಬರೇ ಇರುವ ಹಿರಿಯ ಹೆಂಗಸು. ಯಾವತ್ತೂ ನಮ್ಮ ಮನೆಯೊಳಗೆ ಬಂದವರಲ್ಲ. ಹೆಂಡತಿ ಕೊಟ್ಟ ಚಹಾ ಕೈಯಲ್ಲಿ ತಣ್ಣಗಾಗಿತ್ತು.

"ಬೇಕರಿಯವರೂ ಖಾಲಿ ಮಾಡ್ತಾರಂತೆ," ಎಂದರು. "ಅವರು ಹೋದ್ರೆ ಮಿಕ್ಕೋರೂ ಹೋಗ್ತಾರೆ. ನಮ್ಮ ಯಜಮಾನರು ದಿನಾ ಬಿಸಿಲಲ್ಲಿ ನಿಂತು ಕಟ್ಟಿಸಿದ ಮನೆ ಇದು. ಒಂದೊಂದು ಇಟ್ಟಿಗೆನೂ ನೀರಲ್ಲಿ ನೆನೆಸಿ ಇಡಿಸಿದ್ರು. ಇದು ಬಿಟ್ರೆ ನನಗೆ ಬೇರೆ ಏನೂ ಇಲ್ಲ. ನೀವೇ ಹೇಳಿ, ನಿಜವಾಗ್ಲೂ ವಾಲಿದೆಯಾ?"

"ಇಲ್ಲ ಅಮ್ಮ," ಎಂದೆ.

"ಮತ್ತೆ ಯಾಕೆ ತಳ್ತಾ ಇದ್ರಿ?"

ಹೇಳಬಹುದಿತ್ತು. ಎರಡೇ ಮಾತು. ನನ್ನ ಬಾಯಿಂದ ಬಂದದ್ದು, "ನಾಳೆ ಮೇಡಂ ಬಂದು ಎಲ್ಲಾ ಹೇಳ್ತಾರೆ," ಎಂಬ ಮಾತು. ಓನರಮ್ಮ ಲೋಟ ಕೆಳಗಿಟ್ಟು, ಗೋಡೆ ಹಿಡಿದುಕೊಂಡು, ತುದಿಗಾಲಲ್ಲಿ ಮೆಟ್ಟಿಲಿಳಿದು ಹೋದರು. ತಮ್ಮ ಸ್ವಂತ ಮನೆಯಲ್ಲಿ ಅವರು ಹಾಗೆ ಹೆದರಿಕೊಂಡು ನಡೆಯುವುದನ್ನು ನೋಡಿ ನನಗೆ ಬಹಳ ನಾಚಿಕೆಯಾಯಿತು. ಹಿಮ್ಮಡಿ ನೋವು ಆ ಹೊತ್ತು ನೆನಪಿಗೇ ಬರಲಿಲ್ಲ.

"ನಾಳೆ ನೀವು ಹೇಳ್ತೀರಾ, ನಾನು ಹೇಳ್ಲಾ?" ಎಂದಳು ಹೆಂಡತಿ.

"ಕೆಲಸ ಹೋದ್ರೆ?"

"ನನಗೆ ಇದೆಯಲ್ಲ. ನೀವು ಮನೇಲಿ ಕೂತು ಬಾಟಲಿ ಉರುಳಿಸಿ."

ಬೆಳಿಗ್ಗೆ ಏಳಕ್ಕೆ ಮೇಡಂ ಜೀಪಿನಿಂದ ಇಳಿದರು. ಅಳತೆ ಟೇಪು, ಗುಂಡು ಕಟ್ಟಿದ ದಾರ, ಕಡತ ಎಲ್ಲ ನನ್ನ ಕೈಗೆ ಕೊಟ್ಟು ಮುಂದೆ ನಡೆದರು. ನಾನು ರಬ್ಬರ್ ಚಪ್ಪಲಿಯಲ್ಲಿ ಹಿಂದೆ. ಒಳಗೆ ಹೋದರೆ ಮೆಟ್ಟಿಲ ಉದ್ದಕ್ಕೂ ಕಟ್ಟಡದ ಸಮಸ್ತ ಜನರು ಗೋಡೆಗೆ ಕೈಯಿಟ್ಟು ತಳ್ಳುತ್ತಿದ್ದರು. ಅಧಿಕಾರಿಗಳು ಬರುವ ಮೊದಲು ಕೊನೆಯದಾಗಿ ಒಮ್ಮೆ ನೋಡಿಬಿಡೋಣ ಎಂದು ಏಜೆಂಟರು ಎಲ್ಲರನ್ನೂ ಎಬ್ಬಿಸಿದ್ದರಂತೆ. ಬೇಕರಿಯವರ ಅತ್ತೆ ಹತ್ತೊಂಬತ್ತು, ಇಪ್ಪತ್ತು ಎಂದು ಎಣಿಸುತ್ತಿದ್ದರು.

ಮೇಡಂ ಎಷ್ಟೋ ಕಟ್ಟಡ ನೋಡಿದವರು, ಇಂಥದ್ದನ್ನು ನೋಡಿರಲಿಲ್ಲ. "ಏನು ಮಾಡ್ತಾ ಇದ್ದೀರಿ ಎಲ್ರೂ?" ಎಂದರು.

"ಪರೀಕ್ಷೆ ಮೇಡಂ," ಎಂದರು ಬೇಕರಿಯವರು. "ಮೂವತ್ತು ಎಣಿಸೋವರೆಗೂ, ಮೂರು ಸಲ. ಎಂಜಿನಿಯರ್ ಸಾರ್ ಪದ್ಧತಿ."

"ಎಲ್ಲಿ ನಿಮ್ಮ ಎಂಜಿನಿಯರ್?"

ಎಲ್ಲರೂ ಗೋಡೆಯಿಂದ ಒಂದೊಂದು ಕೈ ತೆಗೆದು ಮೇಡಂ ಹಿಂದೆ ಟೇಪು ಹಿಡಿದು ನಿಂತಿದ್ದವನನ್ನು ತೋರಿಸಿದರು. ಮೇಡಂ ನಿಧಾನವಾಗಿ ತಿರುಗಿದರು.

ಇನ್ನು ಮುಂದೂಡುವಂತಿರಲಿಲ್ಲ. "ನಾನು ಎಂಜಿನಿಯರ್ ಅಲ್ಲ," ಎಂದೆ. ದನಿ ಬೇಕಾದದ್ದಕ್ಕಿಂತ ದೊಡ್ಡದಾಗಿ ಬಂತು, ಮೆಟ್ಟಿಲ ಸಂದಿಯಲ್ಲಿ ಮೂರು ಸಲ ಮೊಳಗಿತು. "ಟಪಾಲು ಗುಮಾಸ್ತ. ಕಾಗದಕ್ಕೆ ಮೊಹರು ಹೊಡೀತೀನಿ. ನೀವೆಲ್ಲ ಎಂಜಿನಿಯರ್ ಅಂದಾಗ ಖುಷಿಯಾಯ್ತು, ಸುಮ್ನಿದ್ದೆ. ತಪ್ಪು ನನ್ನದು. ಕಟ್ಟಡಕ್ಕೆ ಏನೂ ಆಗಿಲ್ಲ. ಆಗಿರೋದು ನನ್ನ ಹಿಮ್ಮಡಿಗೆ. ಗೋಡೆ ತಳ್ಳೋದು ಅದಕ್ಕೆ ವ್ಯಾಯಾಮ. ಬಾಟಲಿ ಉರುಳಿಸೋದೂ ಅದಕ್ಕೇ."

ಗೋಡೆಯ ಮೇಲಿದ್ದ ಕೈಗಳೆಲ್ಲ ಕೆಳಗಿಳಿದವು. ಆಮೇಲೆ ಏಜೆಂಟರು ಬೇಕರಿಯವರ ಕಿವಿಯಲ್ಲಿ, ಎಲ್ಲರಿಗೂ ಕೇಳಿಸುವ ಹಾಗೆ, "ಪಾಪ, ಮೇಲಿನಿಂದ ಒತ್ತಡ ಬಂದಿದೆ," ಎಂದರು. "ಯಾವ ದೊಡ್ಡ ಮನುಷ್ಯ ತಾನೇ ಗುಮಾಸ್ತ ಅಂತ ಒಪ್ಕೊಳ್ತಾನೆ? ಇಷ್ಟು ದೊಡ್ಡ ತ್ಯಾಗ ಮಾಡ್ತಿದಾರೆ ಅಂದ್ರೆ ಕಟ್ಟಡ ಇವತ್ತೇ ಬೀಳಬಹುದು."

ಬೇಕರಿಯವರ ಅತ್ತೆ ಅಳಲು ಶುರುಮಾಡಿದರು. ಜೀವಮಾನದಲ್ಲಿ ನಾನು ಇಷ್ಟು ಜನರ ಮುಂದೆ ಒಮ್ಮೆ ನಿಜ ಹೇಳಿದ್ದು, ಅದನ್ನೂ ಯಾರೂ ನಂಬಲಿಲ್ಲ. ಏಜೆಂಟರು ಪ್ಲಾಸ್ಟಿಕ್ ಹೊದಿಕೆಯೊಳಗಿಂದ ಹಾಳೆ ತೆಗೆದು, "ಮೇಡಂ, ಇದನ್ನ ನೋಡಿ ತೀರ್ಮಾನ ಮಾಡಿ," ಎಂದು ಕೊಟ್ಟರು.

ಮೇಡಂ ಹಾಳೆ ನೋಡಿದರು. ತಿರುಗಿಸಿ ನೋಡಿದರು. ಓನರಮ್ಮ ಕೆಳಗಿನ ಬಾಗಿಲಿಗೆ ಒರಗಿ ಮೇಡಂ ಮುಖವನ್ನೇ ನೋಡುತ್ತಿದ್ದರು.

"ಎಡಗಾಲೋ, ಬಲಗಾಲೋ?" ಎಂದರು ಮೇಡಂ.

"ಎಡಗಾಲು ಮೇಡಂ."

"ನನಗೆ ಬಲಗಾಲು. ಇದೇ ಡಾಕ್ಟ್ರು, ಇದೇ ದರಿದ್ರ ಚಿತ್ರ. ನಾಲ್ಕು ತಿಂಗಳಾಯ್ತು." ಹಾಳೆ ಮಡಚಿ ನನ್ನ ಜೇಬಿಗೆ ಹಾಕಿದರು. "ಹೇಗೆ ತಳ್ತೀರಿ, ತೋರಿಸಿ."

ತೋರಿಸಿದೆ. ಅವರು ಬಗ್ಗಿ ನೋಡಿದರು. "ಅದಕ್ಕೇ ವಾಸಿಯಾಗಿಲ್ಲ. ಹಿಂದಿನ ಕಾಲಿನ ಹಿಮ್ಮಡಿ ನೆಲ ಬಿಡಬಾರದು ಕಣ್ರೀ. ಮಂಡಿ ನೆಟ್ಟಗಿರಲಿ." ಹಾಗೆಂದು ತಾವೂ ಪಕ್ಕದಲ್ಲಿ ನಿಂತು ಗೋಡೆಗೆ ಕೈಯಿಟ್ಟರು. ಕಟ್ಟಡ ವಿಭಾಗದ ಅತ್ಯಂತ ಹಿರಿಯ ಮತ್ತು ಅತ್ಯಂತ ಕಿರಿಯ ನೌಕರರಿಬ್ಬರೂ ಮೂವತ್ತು ಎಣಿಸುವವರೆಗೆ ಓನರಮ್ಮನ ಗೋಡೆಯನ್ನು ತಳ್ಳಿದೆವು.

"ಅದಕ್ಕೇನಾ," ಎಂದರು ಬೇಕರಿಯವರ ಅತ್ತೆ ಕಣ್ಣೊರೆಸಿಕೊಂಡು, "ಒಂದು ತಿಂಗಳಿಂದ ನನ್ನ ಮೀನಖಂಡ ಹಿಡ್ಕೊಳ್ತಾನೇ ಇಲ್ಲ." ಅವರು ಹಾಗೆಂದ ಮೇಲೆ ಜನ ನಂಬಿದರು. ಒಂದು ತಿಂಗಳಿಂದ ನನ್ನ ಹಿಮ್ಮಡಿಯ ಚಿಕಿತ್ಸೆಯನ್ನು ಇಡೀ ಕಟ್ಟಡ ಪಡೆಯುತ್ತಿತ್ತು.

ಮೇಡಂ ಆದರೂ ಕೆಲಸ ಬಿಡಲಿಲ್ಲ. ಮಾಳಿಗೆಯಿಂದ ಗುಂಡಿನ ದಾರ ಇಳಿಬಿಟ್ಟು ನಾಲ್ಕೂ ಮೂಲೆ ನೋಡಿದರು, ಉಗುರಿನಲ್ಲಿ ಗಾರೆ ಕೆರೆಯಲು ನೋಡಿ ಉಗುರು ಮುರಿದುಕೊಂಡರು. "ಇಷ್ಟು ನೆಟ್ಟಗಿರೋ ಮನೆ ಈ ಊರಲ್ಲಿ ಹತ್ತಿಲ್ಲ. ಕಟ್ಟಿಸಿದವರು ಪುಣ್ಯಾತ್ಮರು," ಎಂದು ಓನರಮ್ಮನಿಗೆ ಹೇಳಿ, ಅದನ್ನೇ ಬರೆದು ಸಹಿ ಹಾಕಿ ಕೊಟ್ಟರು. ಓನರಮ್ಮ ಆ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತೇ ಇದ್ದರು. ಕೇಕು ತಗ್ಗಾದದ್ದು ಒಲೆಯ ಒಂದು ಕಾಲು ಗಿಡ್ಡ ಇದ್ದುದರಿಂದ, ಅದಕ್ಕೆ ಹಲಗೆಯ ಚೂರು ಇಡಿಸಿದರು. ಜೀಪು ಹತ್ತುವಾಗ ನನ್ನನ್ನು ಕರೆದು, "ಎಂಜಿನಿಯರ್ ಅಂತ ಓಡಾಡಿದ್ದಕ್ಕೆ ವಿವರಣೆ ಬರೆದುಕೊಡಿ. ಟಪಾಲಿಗೆ ಹಾಕಿ, ನಂಬರು ಬಿದ್ದು ಬರಲಿ," ಎಂದರು. ಆ ದಿನ ಮಧ್ಯಾಹ್ನ ನನ್ನ ಮೇಲಿನ ಆರೋಪಕ್ಕೆ ನನ್ನ ಉತ್ತರವನ್ನು ನಾನೇ ಸ್ವೀಕರಿಸಿ ಮೊಹರು ಹೊಡೆದೆ. ಒಂದು ಎಚ್ಚರಿಕೆ ಪತ್ರದಲ್ಲಿ ಮುಗಿಯಿತು.

ಸಂಜೆ ಓನರಮ್ಮನ ಹತ್ತಿರ ಹೋಗಿ ಕ್ಷಮೆ ಕೇಳಿದೆ. ಅವರು ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ.

"ನೀವು ಗುಮಾಸ್ತರು ಅಂತ ನನಗೆ ಮೊದಲ ತಿಂಗಳೇ ಗೊತ್ತಿತ್ತು," ಎಂದರು. "ಮನೆ ನಕ್ಷೆಯ ಪ್ರತಿ ತಗೊಳ್ಳೋಕೆ ನಿಮ್ಮ ಕಚೇರಿಗೆ ಬಂದಿದ್ದೆ. ನೀವು ತಲೆ ಬಗ್ಗಿಸ್ಕೊಂಡು ಮೊಹರು ಹೊಡೀತಾ ಇದ್ರಿ."

"ಮತ್ತೆ ಒಂದು ಮಾತೂ ಹೇಳಲಿಲ್ವಲ್ಲ ಅಮ್ಮ?"

"ಆಗ ಎರಡು ಮನೆ ಖಾಲಿ ಇತ್ತು. ಮಧ್ಯದ ಮಹಡೀಲಿ ಎಂಜಿನಿಯರೇ ಇದಾರೆ, ಮನೆ ಗಟ್ಟಿ ಇಲ್ದೆ ಅವರು ಬರ್ತಾರಾ ಅಂತ ಹೇಳ್ತಿದ್ದೆ. ಎರಡೂ ತುಂಬಿದ್ವು." ಮೇಡಂ ಕೊಟ್ಟ ಕಾಗದವನ್ನು ಮಡಚಿಡುತ್ತಾ, "ತಪ್ಪು ನಿಮ್ಮೊಬ್ಬರದೇ ಅಂತ ಹೇಗನ್ನಲಿ," ಎಂದರು. ಮೂರು ವರ್ಷ ನಾನು ಎಲ್ಲರನ್ನೂ ಮರುಳು ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ನಿಜವಾಗಿ ನಾನು ಬಾಡಿಗೆ ಕೊಟ್ಟುಕೊಂಡು ಅವರ ಮನೆಗೆ ನೇತುಹಾಕಿದ ಫಲಕವಾಗಿದ್ದೆ.

ಮುಂದಿನ ಭಾ‌ನುವಾರ ಬೆಳಿಗ್ಗೆ ನಾನು ಗೋಡೆ ತಳ್ಳುತ್ತಿದ್ದೆ. ಈಗ ಹಿಮ್ಮಡಿ ನೆಲ ಬಿಡುತ್ತಿರಲಿಲ್ಲ, ನೋವು ಅರ್ಧಕ್ಕೆ ಇಳಿದಿತ್ತು. ಓನರಮ್ಮ ಮೂರನೆಯ ಮಹಡಿಯ ಮನೆ ತೋರಿಸಲು ಯಾರೋ ಒಬ್ಬರನ್ನು ಕರೆದುಕೊಂಡು ಮೆಟ್ಟಿಲು ಹತ್ತಿ ಬಂದರು. ಕಾಲನ್ನು ಪೂರ್ತಿಯಾಗಿ ಊರಿ, ಸದ್ದು ಮಾಡುತ್ತಾ ಬಂದರು. ಬಂದವರು ಗೋಡೆ ತಟ್ಟಿ ನೋಡಿ, "ಗಟ್ಟಿ ಇದೆಯಾ?" ಎಂದು ಕೇಳಿದರು.

"ಒಂದು ತಿಂಗಳು ಹದಿನೆಂಟು ಜನ ದಿನಾ ತಳ್ಳಿದಾರೆ, ಒಂದು ಬಿರುಕು ಬಿಟ್ಟಿಲ್ಲ," ಎಂದರು ಓನರಮ್ಮ. "ನನ್ನ ಮಾತು ಬೇಡ. ಇಗೋ, ಇವರು ಕಟ್ಟಡ ವಿಭಾಗದ ಗುಮಾಸ್ತರು. ಇವರನ್ನೇ ಕೇಳಿ, ಎಲ್ಲರ ಮುಂದೆ ನಿಜ ಹೇಳಿದವರು."

ಆ ಮೆಟ್ಟಿಲ ಮೇಲೆ ನನ್ನನ್ನು ನನ್ನ ಕೆಲಸದ ಹೆಸರು ಹಿಡಿದು ಯಾರಾದರೂ ಕರೆದದ್ದು ಅದೇ ಮೊದಲು. ಬಂದವರು ನನ್ನ ಕಡೆ ತಿರುಗಿದರು. ಕೈ ಗೋಡೆಯ ಮೇಲಿತ್ತು, ಎಣಿಕೆ ಇಪ್ಪತ್ತಮೂರಕ್ಕೆ ಬಂದಿತ್ತು.

"ಗಟ್ಟಿ ಇದೆ ಸಾರ್," ಎಂದೆ. "ನಾನೇ ದಿನಾ ತಳ್ತೀನಿ."